ಖಾನಾವಳಿ ನೀರು ಪೇರಲ ಗಿಡಕ್ಕೆ ಬಿಡಬಹುದಾ?

ಪ್ರಶ್ನೆ: ಧಾರವಾಡದ ನವಲೂರು ಹತ್ತಿರ ನಮ್ಮದು ಸಣ್ಣ ಖಾನಾವಳಿ. ಪಾತ್ರೆ ತೊಳೆದ ನೀರು ಹಿತ್ತಲ ಪೇರಲ ಗಿಡಗಳಿಗೆ ಹೋಗುತ್ತದೆ. ಪಕ್ಕದಲ್ಲೇ ಅವ್ವ ಕುಡಿಯೋಕೆ ಸೇದುವ ಬಾವಿ. ಮೊನ್ನೆ ಮಳೆಯಾದ ಮೇಲೆ ಬಾವಿ ನೀರು ವಾಸನೆ ಬಂತು. ಹೆದರಿಕೆಯಾಗಿದೆ. ಇದಕ್ಕೂ ಕಾನೂನು ಇದೆಯಾ?

ಉತ್ತರ 1: ಅಣ್ಣಾ, ಮೊದಲು ಆ ನೀರು ಕುಡಿಯೋದು ನಿಲ್ಲಿಸಿ, ಪರೀಕ್ಷೆ ಮಾಡಿಸಿ. 1974ರ ಜಲ ಕಾಯ್ದೆ ಹಳ್ಳ, ಬಾವಿಗಷ್ಟೇ ಅಲ್ಲ, ನೆಲಕ್ಕೆ ಬಿಡುವ ಕೊಳಚೆಗೂ ಅನ್ವಯಿಸುತ್ತದೆ. ನೀರಾವರಿಗೆ ಬಿಡುವಾಗ ಬಿಒಡಿ (ನೀರಲ್ಲಿರುವ ಕೊಳೆ ಅರಗಿಸೋಕೆ ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ) ಲೀಟರಿಗೆ 100 ಮಿಲಿಗ್ರಾಂ ದಾಟಬಾರದು. ಹಳ್ಳಕ್ಕಾದರೆ 30. ಮಣ್ಣಿನ ಸೂಕ್ಷ್ಮಜೀವಿಗಳು ಕೊಳೆಯನ್ನು ಅರಗಿಸುತ್ತವೆ, ಆದರೆ ಅದಕ್ಕೂ ಮಿತಿ ಇದೆ ಅಲ್ವಾ? ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿ.

ಉತ್ತರ 2: ನಮ್ಮ ಗದಗದ ಎರೆ ಮಣ್ಣು ನೆನೆದರೆ ನೀರು ಇಂಗುವುದೇ ಇಲ್ಲ, ಮೇಲೇ ಹರಿಯುತ್ತದೆ. ಮಳೆಗಾಲದಲ್ಲಿ ಬಿಡಲೇಬೇಡಿ. ಜಿಡ್ಡು ತಡೆಯೋಕೆ ಒಂದು ತೊಟ್ಟಿ ಕಟ್ಟಿಸಿ.

ಪ್ರಶ್ನೆ ಕೇಳಿದವರು: ಪೈಪು ಇವತ್ತೇ ಕಿತ್ತೆ. ಅವ್ವನಿಗೆ ನಲ್ಲಿ ನೀರು ತಂದಿಟ್ಟಿದ್ದೇನೆ.