ಗಸ್ತಿಗೆ ಸೆಡಾನ್ ಆದೀತಾ? ಗೊತ್ತಿದ್ದವರು ಹೇಳಿ

ಕುಂಬಳೆಯಿಂದ (ಕೇಳಿದವರು): ನಮ್ಮ ಪೇಟೆಯ ವ್ಯಾಪಾರಿಗಳು ಸೇರಿ ಠಾಣೆಗೆ ರಾತ್ರಿ ಗಸ್ತಿಗೆಂದು ಒಂದು ಕಾರು ಕೊಡುವ ಯೋಚನೆ ಉಂಟು. ಬೊಲೆರೊ ಯಾಕೆ, ಡಿಸೈರ್ ತರದ ಸೆಡಾನ್ ಸಾಕು, ಮೈಲೇಜೂ ಬರುತ್ತದೆ ಅಂತ ಅರ್ಧ ಜನ. ಪೊಲೀಸ್ ಕೆಲಸಕ್ಕಾದರೆ ಸೆಡಾನಿನಲ್ಲಿ ಎಂತೆಲ್ಲ ನೋಡಬೇಕು?

ಉಪ್ಪಳದಿಂದ, ಗ್ಯಾರೇಜಿನವ: ಮೈಲೇಜ್ ಮಾತು ಬಿಡಿ ಮಾರಾಯ್ರೆ. ಗಸ್ತಿನ ಕಾರು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಎಂಜಿನ್ ಆನ್, ಎಸಿ ಆನ್, ಮೇಲೆ ಲೈಟ್ ಮಿನುಗುತ್ತಾ, ಒಳಗೆ ವಯರ್‌ಲೆಸ್ ಕೂಗುತ್ತಾ ರಾತ್ರಿಯಿಡೀ ಸರ್ಕಲಿನಲ್ಲಿ ಇರುತ್ತದೆ. ನಾನು ಸೌದಿಯಲ್ಲಿದ್ದಾಗ ಫೋರ್ಡ್ ಕ್ರೌನ್ ವಿಕ್ಟೋರಿಯಾ ಬಿಚ್ಚಿ ಜೋಡಿಸಿ ಕೈ ಪಳಗಿದವ. ಅಮೆರಿಕದ ಪೊಲೀಸರು ವರ್ಷಗಟ್ಟಲೆ ಓಡಿಸಿದ ಸೆಡಾನ್ ಅದೇ. ಫೋರ್ಡಿನವರದ್ದೇ ಒಂದು ಲೆಕ್ಕ ಉಂಟು: ಒಂದು ಗಂಟೆ ಐಡ್ಲಿಂಗ್ (ನಿಂತಲ್ಲೇ ಎಂಜಿನ್ ಉರಿಸುವುದು) ಅಂದರೆ ಎಂಜಿನಿಗೆ 33 ಮೈಲಿ, ಅಂದಾಜು 53 ಕಿಲೋಮೀಟರ್ ಓಡಿದಷ್ಟು ಸವೆತ. ಕಿಲೋಮೀಟರ್ ಮೀಟರಿನಲ್ಲಿ ಇದು ಕಾಣುವುದಿಲ್ಲ. ಆಯಿಲ್ ಬದಲಿಸುವುದಾದರೆ ಗಂಟೆ ಲೆಕ್ಕ ಹಿಡಿದೇ ಬದಲಿಸಬೇಕು.

ಆ ಕಾರಿನ ಪೊಲೀಸ್ ಮಾಡೆಲಿಗೆ ಆಯಿಲ್ ಕೂಲರ್, ಗಟ್ಟಿ ಸಸ್ಪೆನ್ಶನ್, 4.6 ಲೀಟರಿನ ವಿ8 ಎಂಜಿನ್, ಆಮೇಲಿನ ವರ್ಷಗಳಲ್ಲಿ 200 ಆಂಪಿಯರ್ ಆಲ್ಟರ್ನೇಟರ್, ಅಂದರೆ ಎಂಜಿನ್ ತಿರುಗುವಾಗ ಕರೆಂಟ್ ಮಾಡಿ ಬ್ಯಾಟರಿಗೆ ಕೊಡುವಂಥದ್ದು. ಬಾಡಿ ಬೇರೆ, ಚಾಸಿ ಬೇರೆ. ಗುದ್ದಿದರೂ ಪ್ಯಾನೆಲ್ ಬದಲಿಸಿ ಪುನಃ ರಸ್ತೆಗೆ ಬಿಡಬಹುದಿತ್ತು. ನಮ್ಮ ಸಣ್ಣ ಸೆಡಾನಿನ ಆಲ್ಟರ್ನೇಟರ್ ಅದರ ಹತ್ತಿರಕ್ಕೂ ಬರುವುದಿಲ್ಲ, ಐಡ್ಲಿಂಗಿನಲ್ಲಂತೂ ಇನ್ನೂ ಕಡಿಮೆ. ಕೊಳ್ಳುವ ಮೊದಲು ಹೀಗೆ ಮಾಡಿ: ಎಸಿ, ಹೆಡ್‌ಲೈಟ್, ವೈಪರ್ ಎಲ್ಲ ಹಾಕಿ, ಎಂಜಿನ್ ಆನ್ ಇಟ್ಟೇ ಗಾಡಿಯನ್ನು ನ್ಯೂಟ್ರಲಿನಲ್ಲಿ ಬಿಟ್ಟು ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಮುಳ್ಳು 12.5 ವೋಲ್ಟಿನ ಆಸುಪಾಸಿಗೆ ಇಳಿದು ಅಲ್ಲೇ ಕೂತರೆ ಚಾರ್ಜ್ ಸಾಲುವುದಿಲ್ಲ, ಬ್ಯಾಟರಿಯನ್ನೇ ತಿನ್ನುತ್ತಿದೆ ಅಂತ ಅರ್ಥ. ಲೈಟ್ ಬಾರ್, ವಯರ್‌ಲೆಸ್ ಇನ್ನೂ ಹಾಕಿಯೇ ಇಲ್ಲ, ನೆನಪಿರಲಿ!

ಬದಿಯಡ್ಕದಿಂದ: ಇಲಾಖೆಯಲ್ಲಿ ಡ್ರೈವರ್ ಆಗಿದ್ದು ರಿಟೈರ್ ಆದವನ ಮಾತು. ಡಿಸೈರ್ ಗ್ರೌಂಡ್ ಕ್ಲಿಯರೆನ್ಸ್ (ರಸ್ತೆಗೂ ಗಾಡಿಯ ಅಡಿಗೂ ಇರುವ ಅಂತರ) 163 ಮಿಲಿಮೀಟರ್, ಬೊಲೆರೊದ್ದು 180. ಕಾಗದದಲ್ಲಿ ವ್ಯತ್ಯಾಸ ಒಂದು ಬೆರಳಿನ ದಪ್ಪ. ಆದರೆ ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ರಸ್ತೆಗೆ ಅಡ್ಡ ಇಡುವ ಕೋನ್, ಹಗ್ಗ, ಬೆಂಕಿ ಆರಿಸುವ ಸಿಲಿಂಡರ್ ತುಂಬಿದ ಮೇಲೆ ಸೆಡಾನಿನ ಹಿಂಭಾಗ ಕೂತೇ ಬಿಡುತ್ತದೆ. ಬಂದಡ್ಕ, ಪಾಣತ್ತೂರು ಕಡೆಯ ಏರಿಳಿತದಲ್ಲಿ, ಅದೂ ಮಳೆಗಾಲದಲ್ಲಿ, ಅಡಿ ತಾಗುವ ಸದ್ದು ಕೇಳುತ್ತಾ ಓಡಿಸಬೇಕು.

ಅದಕ್ಕಿಂತ ದೊಡ್ಡ ಕಷ್ಟ ಹತ್ತಿ ಇಳಿಯುವುದು. ಸೊಂಟದಲ್ಲಿ ಬೆಲ್ಟು, ಕೈಯಲ್ಲಿ ಲಾಠಿ, ಮೈಮೇಲೆ ರೈನ್‌ಕೋಟ್. ಸೆಡಾನಿನ ಹಿಂದಿನ ಬಾಗಿಲಲ್ಲಿ ತಲೆ ತಗ್ಗಿಸಲು ಮರೆತರೆ ಟೋಪಿ ಚೌಕಟ್ಟಿಗೆ ತಾಗಿ ರಸ್ತೆಗೆ ಬೀಳುತ್ತದೆ, ನೋಡಿದವರು ನಗುತ್ತಾರೆ. ಬೊಲೆರೊದಲ್ಲಾದರೆ ಕಾಲು ಕೆಳಗಿಟ್ಟರಾಯಿತು. ಸೆಡಾನಿನ ಪರವಾಗಿ ಒಂದು ಮಾತು ಹೇಳಲೇಬೇಕು, ಡಿಕ್ಕಿ ಬೇರೆ ಇರುವುದು. ಹಿಡಿದು ತಂದವನನ್ನು ಹಿಂದೆ ಕೂರಿಸಿದರೆ ಸಾಮಾನಿಗೆ ಅವನ ಕೈ ಎಟಕುವುದಿಲ್ಲ. ಸೀಟು ಮಾತ್ರ ರೆಕ್ಸಿನ್ ಹಾಕಿಸಿ. ಕುಡಿದವನ ವಾಂತಿ ತೊಳೆಯುವವ ಡ್ರೈವರೇ. ಬಾಗಿಲು ತೆಗೆದಾಗ ಒಳಗಿನ ಲೈಟ್ ಉರಿಯದ ಹಾಗೆಯೂ ಮಾಡಿಸಿ. ಕತ್ತಲಲ್ಲಿ ಕಾದು ಕೂತವರನ್ನು ಅದು ದೂರಕ್ಕೇ ತೋರಿಸಿಕೊಡುತ್ತದೆ.

ಹೊಸಂಗಡಿಯಿಂದ: ಕದ್ದು ಹೊಯಿಗೆ (ಮರಳು) ಸಾಗಿಸುವ ಲಾರಿ ಹಿಂದೆ ಹೋಗಲಿಕ್ಕೆ ಸ್ಪೀಡ್ ಬೇಡವಾ? ಅದಕ್ಕೆ ಸೆಡಾನೇ ಅಲ್ವಾ?

ಉಪ್ಪಳದಿಂದ: ಹೈವೇಯಲ್ಲಿ ಹೌದು, ಸೆಡಾನ್ ರಸ್ತೆಗೆ ಕಚ್ಚಿಕೊಂಡು ಹೋಗುತ್ತದೆ. ಆದರೆ ಬ್ರೇಕ್ ನೋಡಿ, ಒಂದೇ ಸಮನೆ ಒತ್ತಿದರೂ ಬಿಸಿಯಾಗಿ ಕೈಕೊಡಬಾರದು. ಮಿಷಿಗನ್ ರಾಜ್ಯದ ಪೊಲೀಸರು ವರ್ಷ ವರ್ಷ ಪೊಲೀಸ್ ಕಾರುಗಳನ್ನು ಪರೀಕ್ಷೆ ಮಾಡುತ್ತಾರೆ. ಅಲ್ಲಿ ಸ್ಪೀಡಿನ ಜೊತೆಗೆ ಬ್ರೇಕನ್ನೂ, ಒಳಗೆ ಕೂರುವ ಅನುಕೂಲವನ್ನೂ ಅಳೆಯುತ್ತಾರೆ.

ಇನ್ನೊಂದು ವಿಷಯ, ಗಸ್ತಿನ ಕಾರು ಹೈವೇ ಬದಿಯಲ್ಲಿ ಬೆನ್ನು ಕೊಟ್ಟು ನಿಲ್ಲುವಂಥದ್ದು. ಕ್ರೌನ್ ವಿಕ್ಟೋರಿಯಾದ ಪೆಟ್ರೋಲ್ ಟ್ಯಾಂಕ್ ಹಿಂದಿನ ಆಕ್ಸಲಿಗಿಂತ ಹಿಂದೆ ಇತ್ತು, ಹಿಂದಿನಿಂದ ಗುದ್ದಿ ಬೆಂಕಿ ಹತ್ತಿ ಪೊಲೀಸರೇ ಸತ್ತರು. 2002ರಲ್ಲಿ ಕಂಪನಿ ಟ್ಯಾಂಕಿಗೆ ರಕ್ಷಣೆಯ ಕವಚ ಕೊಡಬೇಕಾಯಿತು. ನೀವು ಟ್ಯಾಂಕ್ ಹಿಂದಿನ ಸೀಟಿನ ಅಡಿಯಲ್ಲಿರುವ ಕಾರನ್ನೇ ನೋಡಿ. ಕೊನೆಯ ಕ್ರೌನ್ ವಿಕ್ಟೋರಿಯಾ ಕೆನಡಾದ ಕಾರ್ಖಾನೆಯಿಂದ ಹೊರಟದ್ದು 2011ರಲ್ಲಿ. ಆಮೇಲೆ ಅಲ್ಲಿನ ಪೊಲೀಸರೂ ಎಕ್ಸ್‌ಪ್ಲೋರರಿನಂಥ ಎತ್ತರದ ಗಾಡಿಗೇ ಹೆಚ್ಚು ವಾಲಿದರು.

ಕಾಸರಗೋಡು ಪೇಟೆಯಿಂದ, ಟ್ಯಾಕ್ಸಿಯವ: ಡೀಸೆಲ್ ಬೇಡವೇ ಬೇಡ. 2020ರ ಬಿಎಸ್6 (ಹೊಗೆ ಕಡಿಮೆ ಮಾಡುವ ಸರಕಾರಿ ನಿಯಮ) ನಂತರದ ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಉಂಟು. ನಿಂತಲ್ಲೇ ಎಂಜಿನ್ ಉರಿಸಿದರೆ, ಹತ್ತಿರ ಹತ್ತಿರವೇ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ. ಬಿಡಿಸಬೇಕಾದರೆ ಹೈವೇಯಲ್ಲಿ ಸ್ವಲ್ಪ ಹೊತ್ತು ಬಿಡದೆ ಓಡಿಸಬೇಕು, ಗಸ್ತಿನವರಿಗೆ ಅದಕ್ಕೆ ಪುರುಸೊತ್ತು ಎಲ್ಲಿ? ಸಿಎನ್‌ಜಿ ಆದರೆ ಸಿಲಿಂಡರೇ ಡಿಕ್ಕಿ ತಿನ್ನುತ್ತದೆ, ಕೋನ್ ಇಡಲಿಕ್ಕೆ ಜಾಗ ಇಲ್ಲ. ಪೆಟ್ರೋಲ್ ತೆಗೆದುಕೊಳ್ಳಿ. ಮತ್ತೆ, ಮುಂಗಡ ಕೊಡುವ ಮೊದಲು ಜಿಲ್ಲಾ ಪೊಲೀಸ್ ಮುಖ್ಯಸ್ಥರ ಕಚೇರಿಯಲ್ಲಿ ಕೇಳಿ. ತೆಗೆದುಕೊಳ್ಳುವವರು ಅವರಲ್ವಾ?

ಕುಂಬಳೆಯಿಂದ (ಕೇಳಿದವರು): ಉಪಕಾರ ಆಯಿತು. ನಮ್ಮದು ಪೇಟೆ ಮತ್ತು ಹೈವೇ ಮಾತ್ರ, ಬಂದಡ್ಕಕ್ಕೆ ಹೋಗಲಿಕ್ಕಿಲ್ಲ, ಹಾಗಾಗಿ ಸೆಡಾನನ್ನು ಪೂರ್ತಿ ಬಿಟ್ಟಿಲ್ಲ. ಮಲ್ಟಿಮೀಟರ್ ಹಿಡಿಯುವ ಮಾತು ಸಭೆಯಲ್ಲಿ ಇಡುತ್ತೇನೆ. ಸೆಡಾನೇ ಆಗಬೇಕು ಅಂತ ಹಟ ಹಿಡಿದವರ ಅಳಿಯ ಶೋರೂಮಿನಲ್ಲಿದ್ದಾನೆ, ಅದೂ ಒಂದು ಉಂಟು.