ಕೆಗ್ ಬಿಯರ್: ಗ್ಲಾಸಿನ ಮುಕ್ಕಾಲು ಭಾಗ ನೊರೆಯೇ ಬರ್ತಿದೆ

ಕೋಡಿಬಾಗ: ಕಾರವಾರದಲ್ಲಿದ್ದೇನೆ. 19 ಲೀಟರ್ ಕೆಗ್ (ಬಿಯರ್ ತುಂಬಿಡುವ ಲೋಹದ ಪೀಪಾಯಿ) ಹಳೇ ಫ್ರಿಜ್ಜಿನೊಳಗೆ, ಫ್ರಿಜ್ ಮೇಲೆ ಟವರ್ (ನಲ್ಲಿ ಕೂರಿಸಿದ ಕಂಬ). ಗ್ಯಾಸಿನ ಒತ್ತಡ 12 ಪಿಎಸ್‌ಐ (ಒತ್ತಡದ ಅಳತೆ), ಕೆಗ್‌ನಿಂದ ನಲ್ಲಿಗೆ 3/16 ಇಂಚು ಒಳವ್ಯಾಸದ ಪೈಪ್ 1 ಮೀಟರ್. ಪ್ರತಿ ಗ್ಲಾಸಲ್ಲೂ ನೊರೆ. ಒತ್ತಡ 5ಕ್ಕೆ ಇಳಿಸಿದರೆ ಎರಡು ದಿನ ಸರಿ, ಆಮೇಲೆ ಬಿಯರ್ ಚಪ್ಪೆ.

ಕಾಳಿ ದಡ: ಒತ್ತಡ ಇಳಿಸಬೇಡಿ, ಗ್ಯಾಸ್ ಬಿಯರ್ ಬಿಟ್ಟು ಹೊರಬರ್ತದೆ, ಚಪ್ಪೆ ಆಗೋದು ಅದಕ್ಕೇ. ತಪ್ಪಿರೋದು ಪೈಪಲ್ಲಿ. 1 ಮೀಟರ್ ಸಾಲದು, ಒತ್ತಡ ತಗ್ಗದೆ ಬಿಯರ್ ರಭಸದಿಂದ ಗ್ಲಾಸಿಗೆ ಬಡಿಯುತ್ತದೆ. 3 ಮೀಟರ್ ಹಾಕಿ. ತೀರಾ ನಿಧಾನ ಅನ್ನಿಸಿದರೆ 15 ಸೆಂ.ಮೀ. ಕತ್ತರಿಸಿ ನೋಡಿ. ಉದ್ದ ಪೈಪ್ ಕತ್ತರಿಸಬಹುದು, ಗಿಡ್ಡದ್ದನ್ನು ಬೆಳೆಸಲಾಗದು.

ಶಿರಸಿ ಮಳೆ: ಅದಕ್ಕೂ ಮೊದಲು ಥರ್ಮಾಮೀಟರ್ ಹಿಡಿಯಿರಿ, ಫ್ರಿಜ್ಜಿನ ಗಾಳಿಗಲ್ಲ, ಎರಡನೇ ಗ್ಲಾಸಿನ ಬಿಯರಿಗೆ. 3–4 ಡಿಗ್ರಿ ಇರಬೇಕು. ಕರೆಂಟ್ ಹೋಗಿ 8ಕ್ಕೆ ಏರಿದರೆ 12 ಪಿಎಸ್‌ಐ ಗ್ಯಾಸನ್ನು ಹಿಡಿದಿಡಲಾರದು, ಪೈಪಲ್ಲೇ ಗುಳ್ಳೆ ಏಳುತ್ತದೆ. ಮೊದಲ ಗ್ಲಾಸಲ್ಲಿ ಮಾತ್ರ ನೊರೆಯಾದರೆ ದೋಷ ಟವರಿನದ್ದು. ಕರಾವಳಿ ಸೆಖೆಗೆ ಅದು ಕಾದಿರುತ್ತದೆ. ಕಂಪ್ಯೂಟರಿನ ಸಣ್ಣ ಫ್ಯಾನಿನಿಂದ ಫ್ರಿಜ್ಜಿನ ತಂಪು ಗಾಳಿ ಮೇಲಕ್ಕೆ ಹಾಯಿಸಿ.

ಕದ್ರಾ: ಪೈಪಿಗೆ ಟಾರ್ಚ್ ಹಿಡಿದು ನೋಡಿ. ಕೆಗ್ ಬಾಯಿಂದಲೇ ಗುಳ್ಳೆ ಸಾಲಾಗಿ ಬರ್ತಿದ್ದರೆ ಡಿಪ್ ಟ್ಯೂಬಿನ (ಕೆಗ್ ತಳದಿಂದ ಬಿಯರ್ ಮೇಲೆತ್ತುವ ಕೊಳವೆ) ಓ-ರಿಂಗ್, ಅಂದರೆ ರಬ್ಬರ್ ಉಂಗುರ, ಬದಲಿಸಿ, ಕೆಲವೇ ರೂಪಾಯಿ ಕೆಲಸ. ನಲ್ಲಿ ಪೂರ್ತಿ ತೆರೆಯಿರಿ, ಅರ್ಧ ತೆರೆದರೆ ನೊರೆ ಖಂಡಿತ. ಗ್ಲಾಸ್ ತಣ್ಣೀರಲ್ಲಿ ತೊಳೆದು ಓರೆ ಹಿಡಿಯಿರಿ.

ಕೋಡಿಬಾಗ: ಎರಡನೇ ಗ್ಲಾಸ್ 4 ಡಿಗ್ರಿ, ಗುಳ್ಳೆ ಇಲ್ಲ. ಹಾಗಾದರೆ ಪೈಪೇ. 3 ಮೀಟರ್ ತರ್ತೇನೆ.