ತಲೆಯ ಮೇಲೆ ಕೈಯಿಟ್ಟ ಮಗ

ಕೊಡವರ ಕಕ್ಕಡ ತಿಂಗಳ ಮಳೆ ಜಡಿಯುತ್ತಿದ್ದ ಒಂದು ಭಾನುವಾರ ಮಡಿಕೇರಿಯ ನಮ್ಮ ಮನೆಯ ಜಗಲಿಯಲ್ಲಿ ಸೇರಿದ್ದ ನಾಲ್ವರಲ್ಲಿ ಕಾಫಿ ತೋಟದ ಗೆಳೆಯನ ಮುಖ ಮಾತ್ರ ಹೊರಗಿನ ಮುಗಿಲಿಗಿಂತ ಹೆಚ್ಚು ಕಪ್ಪಿಟ್ಟಿತ್ತು. ನಾಲ್ಕು ಜನರ ಮುಂದೆ ಬಾಯಿಯೇ ಬಿಡದ ಮಗನನ್ನು ಭಾಷಣ ಮತ್ತು ಚರ್ಚೆಯ ತರಗತಿಗೆ ಸೇರಿಸಿದ್ದಾಗಿಯೂ, ಈಗ ಅದೇ ಬಾಯಿಯನ್ನು ಮುಚ್ಚಿಸಲು ಕಲಿಸುವ ತರಗತಿಯನ್ನು ಹುಡುಕುತ್ತಿರುವುದಾಗಿಯೂ ಅವನು ತಿಳಿಸಿದ.

"ನಿನ್ನೆ ಗದರಿಸಲು ಆರಂಭಿಸಿದೆನೋ ಇಲ್ಲವೋ, ಒಂದು ಕೈಯನ್ನು ತಲೆಯ ಮೇಲಿಟ್ಟು ಇನ್ನೊಂದನ್ನು ಮುಂದಕ್ಕೆ ಚಾಚಿ ಎದ್ದು ನಿಂತ. ತಲೆಸುತ್ತು ಬಂತೇನೋ ಎಂದು ನಾನು ಗಾಬರಿಯಾದರೆ, ಅದು ಅಡ್ಡಪ್ರಶ್ನೆಗೆ ಅನುಮತಿ ಬೇಡುವ ಕ್ರಮವಂತೆ!"

ವಕೀಲ ಮಿತ್ರನಿಗೆ ಇದು ಹಬ್ಬವಾಯಿತು. ಬ್ರಿಟಿಷ್ ಸಂಸದೀಯ ಪದ್ಧತಿಯ ಚರ್ಚೆಯಲ್ಲಿ ಇಬ್ಬರಿಬ್ಬರ ನಾಲ್ಕು ತಂಡಗಳಿರುತ್ತವೆ, ಸಾಮಾನ್ಯವಾಗಿ ಒಬ್ಬೊಬ್ಬರಿಗೆ 7 ನಿಮಿಷ ಸಿಗುತ್ತದೆ, ಅದರಲ್ಲಿ ಮೊದಲ ಮತ್ತು ಕೊನೆಯ ನಿಮಿಷಗಳಲ್ಲಿ ಯಾರೂ ಅಡ್ಡ ಬಾಯಿ ಹಾಕುವಂತಿಲ್ಲ ಎಂದು ಅವನು ವಿವರಿಸಿದ.

"ಅಂದರೆ ನಾನು ಬೈಯುವುದನ್ನೆಲ್ಲ ಮೊದಲ ನಿಮಿಷದಲ್ಲೇ ಮುಗಿಸಬೇಕು," ಎಂದು ತೋಟದವನು ನಿಟ್ಟುಸಿರಿಟ್ಟ.

ಅವನ ನಿಜವಾದ ಸಂಕಟ ಬೇರೆಯೇ ಇತ್ತು. ಸ್ಪರ್ಧೆಯ ವಿಷಯ ಕೊಡಗಿನ ತೋಟಗಳಲ್ಲಿ ಹೋಂಸ್ಟೇಗಳು ಬೇಕೇ ಬೇಡವೇ ಎಂಬುದು; ಹೋಂಸ್ಟೇ ನಡೆಸುವ ಅಪ್ಪ ವಾರವಿಡೀ ಪರವಾದ ಅಂಶಗಳನ್ನು ಹುರಿದುಂಬಿಸಿ ಕಲಿಸಿದ್ದ; ಚೀಟಿ ಎತ್ತಿದಾಗ ಮಗನಿಗೆ ಬಂದದ್ದು ವಿರೋಧ ಪಕ್ಷ. ರಾತ್ರಿಯ ಗದ್ದಲ, ಬಾಟಲಿಗಳ ರಾಶಿ, ಬೇಸಿಗೆಯಲ್ಲಿ ಬತ್ತುವ ಬಾವಿ ಎಂದು ಊಟದ ಹೊತ್ತಿನಲ್ಲಿ ಅಪ್ಪ ಗೊಣಗಿದ್ದನ್ನೆಲ್ಲ ಕ್ರಮವಾಗಿ ಪೋಣಿಸಿ ಆ ಹುಡುಗ ಮೊದಲ ಬಹುಮಾನ ಗೆದ್ದ.

"ನಂಬದ ಪಕ್ಷವನ್ನು ಸಮರ್ಥಿಸಲು ಕಲಿಸುವುದು ಸುಳ್ಳಿನ ತರಬೇತಿಯಲ್ಲವೇ?" ಎಂದು ತೋಟದವನು ಕೇಳಿದ.

"ಅದು ನನ್ನ ವೃತ್ತಿ," ಎಂದ ವಕೀಲ, ತುಸು ನೊಂದು.

ನಿವೃತ್ತ ಮೇಷ್ಟರು ಆಗ ಬಾಯಿಬಿಟ್ಟರು. ಪ್ರಾಚೀನ ತರ್ಕಗ್ರಂಥವಾದ ನ್ಯಾಯಸೂತ್ರದ ಪ್ರಕಾರ ತತ್ತ್ವ ತಿಳಿಯಲು ನಡೆಸುವುದು ವಾದ, ಹೇಗಾದರೂ ಗೆಲ್ಲಲು ನಡೆಸುವುದು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನವನದನ್ನು ಕೆಡವುವುದಷ್ಟೇ ವಿತಂಡ. ಎದುರಾಳಿಯ ನಿಲುವನ್ನು, ಅಂದರೆ ಪೂರ್ವಪಕ್ಷವನ್ನು, ಅವನಿಗಿಂತ ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರ ತನ್ನ ಸಿದ್ಧಾಂತ ಮಂಡಿಸುವ ಯೋಗ್ಯತೆ ಎಂದರು. ನನ್ನ ಅಭಿಪ್ರಾಯವೂ ಅದೇ: ಪ್ರತಿಭಾ ಕಾರಂಜಿಯ ವೇದಿಕೆಯಲ್ಲಿ ಮೇಷ್ಟರು ಬರೆದುಕೊಟ್ಟ ಭಾಷಣವನ್ನು ಉಸಿರುಗಟ್ಟಿ ಒಪ್ಪಿಸಿದ ನನಗಿಂತ ಆ ಹುಡುಗ ಎಷ್ಟೋ ವಾಸಿ. ನಾನಂತೂ ಮೂರನೆಯ ಸಾಲಿನಲ್ಲಿ ಮರೆತು ವಂದನಾರ್ಪಣೆ ಮಾಡಿ ಇಳಿದಿದ್ದೆ.

"ಹಾಗಾದರೆ ನಮ್ಮದು ಈ ಮೂರರಲ್ಲಿ ಯಾವುದು?" ಎಂದು ಕೇಳಿದೆ.

"1952ರಲ್ಲಿ ಈ ಪುಟ್ಟ ಕೊಡಗಿಗೇ 24 ಸದಸ್ಯರ ವಿಧಾನಸಭೆ ಇತ್ತು. 1956ರಲ್ಲಿ ಮೈಸೂರಿಗೆ ಸೇರಿದೆವು. ಅಂದಿನಿಂದ ಉಳಿದ ಮಾತೆಲ್ಲ ಜಗಲಿಗಳಿಗೆ ಬಂದು ಕುಳಿತಿದೆ," ಎಂದರು ಮೇಷ್ಟರು.

ಅವರೇ ಒಂದು ಪರೀಕ್ಷೆ ಇಟ್ಟರು: ಹಿಂದಿನವನು ಹೇಳಿದ್ದನ್ನು ಮೊದಲು ಅವನು ಒಪ್ಪುವಂತೆ ಹೇಳಬೇಕು, ಆಮೇಲೆ ಖಂಡಿಸಬಹುದು. ಜಗಲಿಯಲ್ಲಿ ಮಳೆಯ ಸದ್ದು ಮಾತ್ರ ಕೇಳತೊಡಗಿತು. ವಕೀಲನಿಗೆ ತಾನು ಯಾರನ್ನು ಖಂಡಿಸುತ್ತಿದ್ದೆ ಎಂಬುದೇ ನೆನಪಿರಲಿಲ್ಲ.

"ಅದಿರಲಿ, ಬಹುಮಾನದ ಫಲಕವನ್ನು ಎಲ್ಲಿಟ್ಟೆ?" ಎಂದು ತೋಟದವನನ್ನು ಕೇಳಿದೆ.

"ಹೋಂಸ್ಟೇಯ ಹಾಲ್‌ನಲ್ಲಿ, ಅತಿಥಿಗಳೆಲ್ಲರಿಗೂ ಕಾಣುವಂತೆ," ಎಂದವನ ಎದೆ ಉಬ್ಬಿತು. "ವಿಷಯ ಬರೆದಿರುವ ಸಾಲಿನ ಮೇಲೆ ಮಾತ್ರ ಒಂದು ಹೂಮಾಲೆ ಹಾಕಿದ್ದೇನೆ."